ಸೈಕಲ್ ಸೀಟೂ ಸವಾರನ ಮನೋಬಲವೂ

ಮಧುಮೇಹದ ಮೊದಲ ಹಂತದಲ್ಲಿರುವ ನಡುವಯಸ್ಸಿನ ಗೃಹಸ್ಥರೊಬ್ಬರಿಗೆ ವೈದ್ಯರು ಸೈಕಲ್ ತುಳಿಯಲು ಸೂಚಿಸಿದರೆಂದು ಭಾವಿಸೋಣ. ಅವರು ಉತ್ಸಾಹದಿಂದ ಗೇರಿನ ಹೊಸ ಸೈಕಲ್ ಕೊಳ್ಳುತ್ತಾರೆ. ನಸುಕಿನಲ್ಲೆದ್ದು ದಿನವೂ ಒಂದು ಗಂಟೆ ತುಳಿಯುತ್ತಾರೆ. ಮೂರನೆಯ ವಾರಕ್ಕೆ ಸೈಕಲ್ ಪಡಸಾಲೆಯ ಗೋಡೆಗೆ ಒರಗಿ ನಿಲ್ಲುತ್ತದೆ. ಕೇಳಿದವರಿಗೆಲ್ಲ ಮೊಣಕಾಲು ನೋವೆಂಬ ಉತ್ತರ. ನಿಜವಾದ ಕಾರಣ ಬೇರೆ. ಒಂದು ಮುಂಜಾನೆ ಸೈಕಲ್ಲಿನಿಂದ ಇಳಿದಾಗ ಅವರ ಜನನಾಂಗದ ಭಾಗಕ್ಕೆ ಜೋಮು ಹಿಡಿದಿತ್ತು. ಹತ್ತು ನಿಮಿಷ ಸ್ಪರ್ಶವೇ ತಿಳಿಯಲಿಲ್ಲ. ಹೆಂಡತಿಗೂ ಹೇಳಲಾಗದೆ, ವೈದ್ಯರಲ್ಲೂ ಕೇಳಲಾಗದೆ, ತಮ್ಮ ಪುರುಷತ್ವಕ್ಕೇ ಕುಂದು ಬಂದಿತೆಂಬ ಭಯವನ್ನು ಅವರು ಒಳಗೇ ಇಟ್ಟುಕೊಂಡರು.

ಈ ಗೃಹಸ್ಥರು ಕಲ್ಪಿತರು. ಅವರ ಸಂಕಟ ಮಾತ್ರ ನಿಜವಾದುದು. ಅಂಗೈಯಗಲದ ಒಂದು ಸೀಟು ಸರಿಹೊಂದದಿದ್ದರೆ ಆರೋಗ್ಯಕ್ಕೆ ಹಿತವಾದ ವ್ಯಾಯಾಮವು ನಿಂತುಹೋಗುವುದಲ್ಲದೆ ಮನಸ್ಸಿನ ನೆಮ್ಮದಿಯೂ ಕೆಡುತ್ತದೆ. ನಾಚಿಕೆಯ ವಿಷಯವೆಂದು ಮುಚ್ಚಿಡುವುದರಿಂದ ಸುಲಭವಾಗಿ ಪರಿಹಾರವಾಗಬಹುದಾದ ತೊಂದರೆಯೂ ಬೆಳೆಯುತ್ತ ಹೋಗುತ್ತದೆ. ಆದುದರಿಂದ ಈ ಕುರಿತು ಸಂಕೋಚವಿಲ್ಲದೆ ತಿಳಿದುಕೊಳ್ಳುವುದು ಒಳ್ಳೆಯದು.

ಭಾರ ಹೊರಬೇಕಾದ ಮೂಳೆಗಳು

ನಾವು ಗಟ್ಟಿಯಾದ ಮಣೆಯ ಮೇಲೆ ನೆಟ್ಟಗೆ ಕುಳಿತಾಗ ಪೃಷ್ಠದ ಅಡಿಯಲ್ಲಿ ಎರಡು ಮೂಳೆಗಳು ಒತ್ತುವುದು ಅನುಭವಕ್ಕೆ ಬರುತ್ತದೆ. ದೇಹದ ಭಾರವನ್ನು ಹೊರಲೆಂದೇ ಇರುವ ಮೂಳೆಗಳಿವು. ಇವೆರಡರ ನಡುವೆ, ಗುದಕ್ಕೂ ಜನನಾಂಗಕ್ಕೂ ಮಧ್ಯದಲ್ಲಿ, ಮೃದುವಾದ ಭಾಗವೊಂದಿದೆ. ಜನನಾಂಗಕ್ಕೆ ರಕ್ತವನ್ನೊಯ್ಯುವ ನಾಳಗಳೂ ಸ್ಪರ್ಶಜ್ಞಾನವನ್ನು ನೀಡುವ ಪ್ಯುಡೆಂಡಲ್ ಎಂಬ ನರದ ಕವಲುಗಳೂ ಇಲ್ಲಿಯೇ ಹಾದುಹೋಗುತ್ತವೆ. ಭಾರ ಹೊರುವುದು ಈ ಭಾಗದ ಕೆಲಸವಲ್ಲ.

ಸೀಟು ಇಕ್ಕಟ್ಟಾಗಿದ್ದರೆ ಆ ಎರಡು ಮೂಳೆಗಳಿಗೆ ಆಸರೆ ಸಿಗುವುದಿಲ್ಲ. ಆಗ ಭಾರವೆಲ್ಲ ನಡುವಿನ ಮೃದು ಭಾಗದ ಮೇಲೆ ಬೀಳುತ್ತದೆ. ಸೀಟಿನ ಚೂಪಾದ ಮೂತಿ ಮೇಲಕ್ಕೆದ್ದಿದ್ದರೆ ಒತ್ತಡ ಮತ್ತಷ್ಟು ಹೆಚ್ಚುತ್ತದೆ. ನರ ಅದುಮಿದಾಗ ಜೋಮು ಹಿಡಿಯುತ್ತದೆ; ರಕ್ತನಾಳ ಅದುಮಿದಾಗ ರಕ್ತದ ಹರಿವು ಇಳಿಯುತ್ತದೆ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತು ಎದ್ದಾಗ ಕಾಲಿಗೆ ಜೋಮು ಹಿಡಿಯುತ್ತದೆಯಲ್ಲವೆ? ಇದೂ ಆ ಬಗೆಯದೇ. ಕಾಲು ಜೋಮು ಹಿಡಿದರೆ ಯಾರೂ ಅಂಜುವುದಿಲ್ಲ. ಇಲ್ಲಿ ಮಾತ್ರ ಸ್ಥಳ ಬೇರೆಯಾದುದರಿಂದ ಭಯ ಹುಟ್ಟುತ್ತದೆ.

ಹಾಲಿನ ಕ್ಯಾನುಗಳನ್ನು ತೂಗುಹಾಕಿಕೊಂಡು ಊರೂರು ತಿರುಗುತ್ತಿದ್ದ ನಮ್ಮ ಹಿರಿಯರ ಸೈಕಲ್ಲಿಗೆ ಅಗಲವಾದ ಸೀಟೂ ಅದರ ಅಡಿಯಲ್ಲಿ ಸ್ಪ್ರಿಂಗೂ ಇರುತ್ತಿದ್ದವು. ಹ್ಯಾಂಡಲ್ ಎತ್ತರವಾಗಿದ್ದುದರಿಂದ ಸವಾರ ಬೆನ್ನು ನೆಟ್ಟಗಿಟ್ಟು ಕೂರುತ್ತಿದ್ದ. ಭಾರ ಮೂಳೆಗಳ ಮೇಲೆ ಬೀಳುತ್ತಿತ್ತು. ಇಂದಿನ ವೇಗದ ಸೈಕಲ್ಲುಗಳಲ್ಲಿ ಹ್ಯಾಂಡಲ್ ತಗ್ಗು, ಸೀಟು ಸಣ್ಣದು. ಮುಂದಕ್ಕೆ ಬಾಗಿದಷ್ಟೂ ಸೊಂಟ ಮುಂದಕ್ಕೆ ಉರುಳಿ ಭಾರ ಮೃದು ಭಾಗಕ್ಕೆ ಜಾರುತ್ತದೆ. ಸ್ಪರ್ಧೆಗೆ ತಕ್ಕ ಆ ಭಂಗಿಯನ್ನು ಆರೋಗ್ಯಕ್ಕಾಗಿ ತುಳಿಯುವ ಗೃಹಸ್ಥರು ಅನುಸರಿಸಬೇಕಾದ ಅಗತ್ಯವಿಲ್ಲ.

ಸಂಶೋಧನೆಗಳು ತಿಳಿಸುವುದೇನು?

ಸವಾರಿಗೂ ಪುರುಷತ್ವಕ್ಕೂ ಇರುವ ಸಂಬಂಧದ ಕುರಿತ ಆತಂಕ ಹಳೆಯದು. ಸದಾ ಕುದುರೆಯ ಮೇಲಿರುತ್ತಿದ್ದ ಸಿಥಿಯನ್ ಜನರಲ್ಲಿ ಕಂಡುಬರುತ್ತಿದ್ದ ಪುರುಷತ್ವದ ಕೊರತೆಗೆ ಅವರ ಸವಾರಿಯೂ ಕಾರಣವೆಂಬ ಮಾತು ಪ್ರಾಚೀನ ಗ್ರೀಸಿನ ಹಿಪಾಕ್ರಟಿಸನ ಹೆಸರಿನ ವೈದ್ಯಗ್ರಂಥದಲ್ಲಿಯೇ ಬಂದಿದೆ. ಸೈಕಲ್ ಸೀಟಿನ ವಿಷಯದಲ್ಲಿ ಅಳತೆಗೆ ಸಿಗುವ ಉತ್ತರಗಳು ದೊರೆತದ್ದು ಇತ್ತೀಚಿನ ದಶಕಗಳಲ್ಲಿ.

ಜರ್ಮನಿಯ ಕಲೋನ್ ನಗರದ ವೈದ್ಯರು 20 ಆರೋಗ್ಯವಂತ ಪುರುಷರನ್ನು ಬೇರೆಬೇರೆ ಸೀಟುಗಳ ಮೇಲೆ ಕೂರಿಸಿ, ಜನನಾಂಗದಲ್ಲಿನ ಆಮ್ಲಜನಕದ ಮಟ್ಟವನ್ನು ಅಳೆದು 2002ರಲ್ಲಿ ಪ್ರಕಟಿಸಿದರು. ದಪ್ಪ ಮೆತ್ತೆಯ ಇಕ್ಕಟ್ಟಾದ ಸೀಟಿನ ಮೇಲೆ ಆ ಮಟ್ಟವು ಶೇ. 82ರಷ್ಟು ಕುಸಿಯಿತು, ಮೂತಿಯಿಲ್ಲದ ಸೀಟಿನ ಮೇಲೆ ಕುಸಿತ ಶೇ. 20ರಷ್ಟು ಮಾತ್ರ. ಮೆತ್ತಗಿರುವುದೆಲ್ಲ ಹಿತವೆಂಬ ನಂಬಿಕೆ ಇಲ್ಲಿ ಸುಳ್ಳಾಯಿತು. ಮೆತ್ತೆ ಅತಿಯಾದರೆ ಮೂಳೆಗಳು ಅದರೊಳಗೆ ಹುದುಗಿ, ನಡುವಿನ ಮೆತ್ತೆ ಉಬ್ಬಿ ಮೃದು ಭಾಗವನ್ನೇ ಒತ್ತುತ್ತದೆ.

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯವರು ಸೈಕಲ್ ಮೇಲೆ ಗಸ್ತು ತಿರುಗುವ 90 ಪೊಲೀಸರಿಗೆ ಆರು ತಿಂಗಳು ಮೂತಿಯಿಲ್ಲದ ಸೀಟು ಬಳಸಲು ಕೊಟ್ಟರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಜೋಮಿನ ತೊಂದರೆ ಇಲ್ಲವೆಂದವರ ಪ್ರಮಾಣ ಶೇ. 27ರಿಂದ ಶೇ. 82ಕ್ಕೆ ಏರಿತು. ಸ್ಪರ್ಶಜ್ಞಾನ ಉತ್ತಮಗೊಂಡಿತು. ಪ್ರಶ್ನಾವಳಿಗೆ ಕೊಟ್ಟ ಉತ್ತರಗಳಲ್ಲಿ ಲೈಂಗಿಕ ಸಾಮರ್ಥ್ಯವೂ ಸುಧಾರಿಸಿದ್ದು ಕಂಡಿತು. ಆದರೆ ನಿದ್ರೆಯಲ್ಲಿನ ನಿಮಿರುವಿಕೆಯನ್ನು ಯಂತ್ರದಿಂದ ಅಳೆದಾಗ ಹಿಂದಿನದಕ್ಕಿಂತ ಹೆಚ್ಚಿನ ವ್ಯತ್ಯಾಸ ತೋರಲಿಲ್ಲ. ಯಂತ್ರ ಗುರುತಿಸದ ಸುಧಾರಣೆಯನ್ನು ಆ ಪುರುಷರು ತಮ್ಮ ಬಾಳಿನಲ್ಲಿ ಕಂಡುಕೊಂಡಿದ್ದರು. ಜೋಮು ಹೋದೊಡನೆ ತಮ್ಮ ದೇಹದ ಮೇಲಿನ ವಿಶ್ವಾಸ ಮರಳಿದ್ದೂ ಇದರಲ್ಲಿ ಪಾಲು ಪಡೆದಿರಬಹುದೆಂದು ಊಹಿಸಲು ಅವಕಾಶವಿದೆ.

ಧೈರ್ಯ ನೀಡುವ ಇನ್ನೊಂದು ಸಂಗತಿಯಿದೆ. ಸೈಕಲ್ ಸವಾರರನ್ನು ಈಜುಗಾರರು ಹಾಗೂ ಓಟಗಾರರೊಡನೆ ಹೋಲಿಸಿ 2018ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದರಲ್ಲಿ, ಲೈಂಗಿಕ ಸಾಮರ್ಥ್ಯದಲ್ಲಾಗಲಿ ಮೂತ್ರ ವಿಸರ್ಜನೆಯಲ್ಲಾಗಲಿ ಸವಾರರು ಹಿಂದುಳಿದದ್ದು ಕಂಡುಬರಲಿಲ್ಲ. ಆದರೆ ಜೋಮು ಅವರಲ್ಲಿ ಹೆಚ್ಚಿತ್ತು. ಆಗಾಗ ಪೆಡಲ್ ಮೇಲೆ ಎದ್ದು ನಿಲ್ಲುವವರಲ್ಲಿಯೂ ಹ್ಯಾಂಡಲನ್ನು ಸೀಟಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಎತ್ತರಕ್ಕೆ ಇಟ್ಟುಕೊಂಡವರಲ್ಲಿಯೂ ಆ ಜೋಮೂ ಕಡಿಮೆಯಿತ್ತು.

ಮನಸ್ಸಿನ ಸುಳಿ

ಸರಿಯಿಲ್ಲದ ಸೀಟು ಮನಸ್ಸನ್ನು ಎರಡು ಬಗೆಯಲ್ಲಿ ಕಾಡುತ್ತದೆ. ಮೊದಲನೆಯದು ರಸ್ತೆಯ ಮೇಲಿನದು. ನೋವಿರುವ ಸವಾರ ಪದೇಪದೇ ಮಗ್ಗುಲು ಬದಲಿಸುತ್ತಾನೆ, ಹ್ಯಾಂಡಲ್ ಅಲುಗುತ್ತದೆ, ಹಿಂದಿನಿಂದ ಲಾರಿ ಬಂದಾಗ ಅವನ ಗಮನದ ಅರ್ಧ ಪಾಲು ಸೀಟಿನ ಮೇಲಿರುತ್ತದೆ. ಜೊತೆಗಾರರಿಗಿಂತ ಹಿಂದೆ ಬಿದ್ದರೆ ತನ್ನಲ್ಲಿ ಕಸುವಿಲ್ಲವೆಂದು ಭಾವಿಸುತ್ತಾನೆ. ಕ್ರಮೇಣ ಒಂದೊಂದು ನೆಪ ಹೇಳಿ ಜೊತೆಯನ್ನೇ ತಪ್ಪಿಸಿಕೊಳ್ಳುತ್ತಾನೆ.

ಎರಡನೆಯದು ಮನೆಯೊಳಗಿನದು, ಇನ್ನೂ ಸೂಕ್ಷ್ಮವಾದುದು. ಒಮ್ಮೆ ಜೋಮಿನ ಭಯ ಹೊಕ್ಕರೆ ಮನಸ್ಸು ದೇಹವನ್ನು ಪರೀಕ್ಷಿಸುತ್ತಲೇ ಇರುತ್ತದೆ. ಆತಂಕಗೊಂಡ ದೇಹದಲ್ಲಿ ರಕ್ತನಾಳಗಳು ಬಿಗಿಯುತ್ತವೆ. ನಿಮಿರುವಿಕೆಗೆ ಅವು ಸಡಿಲಗೊಳ್ಳಬೇಕು. ಹೀಗೆ ಭಯವೇ ತಾನು ಅಂಜಿದ್ದನ್ನು ತಂದೊಡ್ಡುತ್ತದೆ. ಒಂದು ರಾತ್ರಿಯ ಸೋಲು ಮರುದಿನದ ಭಯಕ್ಕೆ ಸಾಕ್ಷಿಯಾಗುತ್ತದೆ. ಪತಿ ಮುಖ ತಿರುಗಿಸಿದ್ದೇಕೆಂದು ತಿಳಿಯದೆ ಪತ್ನಿಯೂ ನೊಂದುಕೊಳ್ಳುತ್ತಾಳೆ.

ಕೊನೆಗೆ ಸೈಕಲ್ಲನ್ನೇ ಬಿಟ್ಟರೆ ಆಗುವ ಹಾನಿ ದೊಡ್ಡದು. ಮಧುಮೇಹ, ರಕ್ತದ ಏರೊತ್ತಡ, ಬೊಜ್ಜು ಇವು ಪುರುಷರ ಲೈಂಗಿಕ ದೌರ್ಬಲ್ಯಕ್ಕೆ ಮುಖ್ಯ ಕಾರಣಗಳು. ಇವನ್ನು ಹತೋಟಿಯಲ್ಲಿಡುವ ಸುಲಭ ಸಾಧನಗಳಲ್ಲಿ ಸೈಕಲ್ ಸವಾರಿಯೂ ಒಂದು. ಮನಸ್ಸಿನ ಬೇಸರವನ್ನೂ ಅದು ಕಳೆಯುತ್ತದೆ. ದೌರ್ಬಲ್ಯದ ಭಯದಿಂದ ವ್ಯಾಯಾಮ ಬಿಟ್ಟವರು ಆ ದೌರ್ಬಲ್ಯಕ್ಕೇ ದಾರಿ ಮಾಡಿಕೊಟ್ಟಂತಾಗುತ್ತದೆ.

ವಿಜಯಪುರ, ಬಾಗಲಕೋಟೆ ಭಾಗವು ನಾಡಿಗೆ ಅನೇಕ ಸೈಕಲ್ ಪಟುಗಳನ್ನು ನೀಡಿದ ನೆಲ. ಸ್ಪರ್ಧೆಗೆ ಸಿದ್ಧರಾಗುವ ಎಳೆಯ ಹುಡುಗರು ನೋವು ಸಹಿಸುವುದೇ ಗಂಡಸುತನವೆಂದು ತಿಳಿದು ಜೋಮನ್ನೂ ಸಹಿಸುವ ಸಂಭವವಿದೆ. ಅವರಾಗಿ ಹೇಳಲಾರರು. ತಂದೆಯೋ ತರಬೇತುದಾರರೋ ಒಮ್ಮೆ ಏಕಾಂತದಲ್ಲಿ ಕೇಳಿದರೆ ಸಾಕು, ಹುಡುಗನ ಎದೆಯ ಭಾರ ಇಳಿದೀತು.

ಸರಿಪಡಿಸುವ ಕ್ರಮ

ಮೊದಲು ಸೀಟಿನ ಅಗಲವನ್ನು ನೋಡಬೇಕು. ಗಟ್ಟಿ ಸ್ಟೂಲಿನ ಮೇಲೆ ಮಡಿಕೆಯುಳ್ಳ ದಪ್ಪ ರಟ್ಟನ್ನಿಟ್ಟು, ತುಸು ಮುಂದಕ್ಕೆ ಬಾಗಿ ಒಂದು ನಿಮಿಷ ಕುಳಿತೆದ್ದರೆ ಎರಡು ಮೂಳೆಗಳ ಗುರುತು ಮೂಡುತ್ತದೆ. ಆ ಗುರುತುಗಳ ನಡುಮಧ್ಯದ ಅಂತರಕ್ಕಿಂತ ಸೀಟಿನ ಹಿಂಭಾಗ ಎರಡು ಸೆಂಟಿಮೀಟರಿನಷ್ಟು ಅಗಲವಾಗಿರಬೇಕು. ನಡುವೆ ಸೀಳು ಅಥವಾ ತಗ್ಗು ಇರುವ ಸೀಟು ಹಲವರಿಗೆ ಹಿತವಾಗುತ್ತದೆ. ಜೋಮು ಬಿಡದಿದ್ದರೆ ಮೂತಿಯಿಲ್ಲದ ಸೀಟನ್ನು ಪ್ರಯತ್ನಿಸಬಹುದು. ಅದರ ಹಿಡಿತ ರೂಢಿಯಾಗುವವರೆಗೆ ಜನಸಂದಣಿಯಿಲ್ಲದ ರಸ್ತೆಯಲ್ಲಿ ತುಳಿಯುವುದು ಕ್ಷೇಮ.

ಸೀಟು ಸಮತಲವಾಗಿರಲಿ, ಮೂತಿ ಮೇಲಕ್ಕೆದ್ದಿರಬಾರದು. ಪೆಡಲ್ ತೀರ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗುವಷ್ಟು ಎತ್ತರ ಸಾಕು. ಅದಕ್ಕಿಂತ ಎತ್ತರವಾದರೆ ಸೊಂಟ ಅತ್ತಿತ್ತ ಹೊರಳಿ ತಿಕ್ಕಾಟ ಹೆಚ್ಚುತ್ತದೆ. ಹ್ಯಾಂಡಲ್ ಸೀಟಿನ ಮಟ್ಟದಲ್ಲಿ ಅಥವಾ ತುಸು ಮೇಲಿರಲಿ. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ನಿಂತು ರಕ್ತಸಂಚಾರಕ್ಕೆ ಎಡೆಮಾಡಿಕೊಡಬೇಕು. ದಪ್ಪ ಹೊಲಿಗೆಯ ಉಡುಪನ್ನು ಧರಿಸಬಾರದು. ಹೊಸಬರು ಅವಧಿಯನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಮೊದಲ ದಿನಗಳಲ್ಲಿ ಮೂಳೆಗಳ ಮೇಲಿನ ಚರ್ಮ ತುಸು ನೊಂದರೆ ಅದು ಸಹಜ, ರೂಢಿಯಾದಂತೆ ಹೋಗುತ್ತದೆ. ಜೋಮು ಹಾಗಲ್ಲ; ಅದನ್ನು ಸಹಿಸಿ ರೂಢಿಸಿಕೊಳ್ಳಬಾರದು. ಜೋಮು ಬಂದೊಡನೆ ಇಳಿಯಬೇಕು.

ಇಷ್ಟಾದರೂ ಜೋಮು ಮರುದಿನದವರೆಗೆ ಉಳಿದರೆ, ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿದರೆ, ವೃಷಣದಲ್ಲಿ ಊತ ಬಂದರೆ, ನಿಮಿರುವಿಕೆಯ ತೊಂದರೆ ಕೆಲವು ವಾರ ಮುಂದುವರಿದರೆ ವೈದ್ಯರನ್ನು ಕಾಣಲೇಬೇಕು. ಕೊನೆಯ ತೊಂದರೆಯನ್ನು ಸೈಕಲ್ಲಿನ ತಲೆಗೇ ಕಟ್ಟಿ ಸುಮ್ಮನಿರಬಾರದು. ಅದು ಮಧುಮೇಹದ ಅಥವಾ ಹೃದ್ರೋಗದ ಮುನ್ಸೂಚನೆಯೂ ಆಗಿರಬಹುದು.

ಗೋಡೆಗೆ ಒರಗಿಸಿಟ್ಟ ಆ ಸೈಕಲ್ಲಿಗೆ ಮರಳೋಣ. ಅದರ ಒಡೆಯರಿಗೆ ಬೇಕಾಗಿರುವುದು ಸೀಟಿನ ತಿರುಪು ಸಡಿಲಿಸುವ ಒಂದು ಪಾನ, ಅರ್ಧ ಗಂಟೆಯ ತಾಳ್ಮೆ, ಮತ್ತು ಆದುದನ್ನು ಆದಂತೆಯೇ ಹೇಳಿಕೊಳ್ಳಲು ಒಂದು ಆಪ್ತ ಕಿವಿ. ಮೊದಲೆರಡು ಅಂಗಡಿಯಲ್ಲಿಯೂ ಮನೆಯಲ್ಲಿಯೂ ದೊರೆಯುತ್ತವೆ. ಮೂರನೆಯದನ್ನು ಮನೆಯವರು, ಗೆಳೆಯರು, ವೈದ್ಯರು ಒದಗಿಸಬೇಕು.