‘ತುಘಲಕ್’ ನಾಟಕದ ಸುಲ್ತಾನ: ಮನಸ್ಸಿನ ಆತ್ಮರಕ್ಷಣೆಯ ಬಗೆಗಳು

ದಿಲ್ಲಿಯ ಸುಲ್ತಾನರಲ್ಲಿ ಮಹಮ್ಮದ್ ಬಿನ್ ತುಘಲಕನಷ್ಟು (ಆಳ್ವಿಕೆ 1325–1351) ಚರ್ಚೆಗೆ ಗುರಿಯಾದ ಅರಸರು ವಿರಳ. ಅವನ ಆಸ್ಥಾನದಲ್ಲಿದ್ದ ಝಿಯಾಉದ್ದೀನ್ ಬರನಿಯೂ ಯಾತ್ರಿಕನಾದ ಇಬ್ನ್ ಬತೂತನೂ ಅವನಲ್ಲಿ ಔದಾರ್ಯ ಕ್ರೌರ್ಯಗಳೆರಡನ್ನೂ ಕಂಡು ಬೆರಗಾದರು. ಅಂದಿನಿಂದ ಅವನನ್ನು ‘ವಿರುದ್ಧಗುಣಗಳ ಸಂಗಮ’ ಎಂದು ಕರೆಯುವುದು ರೂಢಿಯಾಗಿದೆ. ಆದರೆ ಇದು ಹೆಸರಿಡುವುದಾಯಿತೇ ಹೊರತು ವಿವರಣೆಯಾಗಲಿಲ್ಲ. ಗಿರೀಶ ಕಾರ್ನಾಡರು 1964ರಲ್ಲಿ ಪ್ರಕಟವಾದ ‘ತುಘಲಕ್’ ನಾಟಕದಲ್ಲಿ ಈ ವೈರುಧ್ಯಗಳಿಗೆ ಒಂದು ಒಳಸೂತ್ರವನ್ನು ಕಲ್ಪಿಸಿದರು. ಆ ಸೂತ್ರ ಯಾವುದು, ಇತಿಹಾಸದ ವಿದ್ಯಾರ್ಥಿ ಅದನ್ನು ಎಷ್ಟರಮಟ್ಟಿಗೆ ಸ್ವೀಕರಿಸಬಹುದು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಸಹಿಸಲಾಗದ ಭಯ, ಪಾಪಪ್ರಜ್ಞೆಗಳಿಂದ ಮನಸ್ಸು ತನ್ನನ್ನು ತಾನೇ ಕಾಪಾಡಿಕೊಳ್ಳಲು ಅರಿವಿಲ್ಲದೆಯೇ ಕೆಲವು ಉಪಾಯಗಳನ್ನು ಹೂಡುತ್ತದೆಂಬುದು ಮನೋವಿಶ್ಲೇಷಣೆಯ ಸಿದ್ಧಾಂತ. ಆನಾ ಫ್ರಾಯ್ಡ್ 1936ರಲ್ಲಿ ಇವನ್ನು ಕ್ರಮಬದ್ಧವಾಗಿ ನಿರೂಪಿಸಿದಳು. ಮಾಡಿದ ಕೃತ್ಯಕ್ಕೆ ಉದಾತ್ತವಾದ ಕಾರಣವನ್ನು ಹೊಂದಿಸುವುದು, ನೋವನ್ನು ಬುದ್ಧಿಯ ಆಟವಾಗಿ ಮಾರ್ಪಡಿಸುವುದು, ಒಂದು ಕರ್ಮದಿಂದ ಇನ್ನೊಂದನ್ನು ಅಳಿಸಲೆಳಸುವುದು ಇವುಗಳಲ್ಲಿ ಮುಖ್ಯವಾದವು.

ನಾಟಕದ ಸುಲ್ತಾನನ ಮೇಲೆ ತಂದೆಯನ್ನೂ ಸಹೋದರನನ್ನೂ ಕೊಲ್ಲಿಸಿದ ಆರೋಪದ ನೆರಳು ಮೊದಲಿನಿಂದಲೂ ಬಿದ್ದಿದೆ. ಅವನ ಮೊದಲ ಆಶ್ರಯ ಆದರ್ಶ. ನ್ಯಾಯ, ಸಮಾನತೆಗಳನ್ನು ಕುರಿತ ಅವನ ಮಾತು ಕೇವಲ ಸೋಗಲ್ಲ. ಅವನು ಅದನ್ನು ನಂಬಿದ್ದಾನೆ. ಆದರೆ ಪ್ರತಿ ಕೊಲೆಗೂ ಆ ನಂಬಿಕೆಯೇ ಸಮರ್ಥನೆಯಾಗಿ ಒದಗುತ್ತದೆ. ಎರಡನೆಯ ಆಶ್ರಯ ಚದುರಂಗ. ತನ್ನನ್ನು ಹೋಲುವ ಷೇಖ್ ಇಮಾಮುದ್ದೀನನನ್ನು ರಾಜವೇಷದಲ್ಲಿ ಯುದ್ಧಭೂಮಿಗೆ ಕಳುಹಿಸುವಾಗ ಮನುಷ್ಯನ ಪ್ರಾಣವೂ ಮಣೆಯ ಮೇಲಿನ ಒಂದು ಕಾಯಿಯಾಗುತ್ತದೆ. ಲೆಕ್ಕಾಚಾರದಲ್ಲಿ ತೊಡಗಿರುವವರೆಗೆ ದುಃಖಕ್ಕೆ ಎಡೆಯಿಲ್ಲ.

ಮೂರನೆಯದು ಅತ್ಯಂತ ಮಾರ್ಮಿಕವಾದುದು. ನಮಾಜಿನ ಹೊತ್ತಿನಲ್ಲಿ ತನ್ನನ್ನು ಕೊಲ್ಲಲು ಬಂದ ಒಳಸಂಚನ್ನು ಮುರಿದು, ಶಿಹಾಬುದ್ದೀನನನ್ನು ಸ್ವಹಸ್ತದಿಂದ ಇರಿದ ಸುಲ್ತಾನ, ರಾಜ್ಯದಲ್ಲಿ ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ತನ್ನೊಳಗಿನ ಮಾಲಿನ್ಯವನ್ನು ಪ್ರಾರ್ಥನೆಯ ಮೇಲೆ ಹೊರಿಸಿ, ಅದನ್ನು ಗಡೀಪಾರು ಮಾಡಿದಂತಾಯಿತು. ಮುಂದೆ ಖಲೀಫರ ವಂಶಜನ ಆಗಮನದೊಡನೆ ನಮಾಜು ಮತ್ತೆ ಆರಂಭವಾಗುತ್ತದೆ. ಇದು ಹಳೆಯದನ್ನು ಅಳಿಸುವ ಪ್ರಾಯಶ್ಚಿತ್ತದ ಯತ್ನ. ಆದರೆ ಬಂದವನು ಆ ವಂಶಜನನ್ನು ಕೊಂದು ಅವನ ವೇಷ ತೊಟ್ಟ ಅಜೀಜ!

ಇಷ್ಟಾದರೂ ಈ ಉಪಾಯಗಳು ಮನಸ್ಸಿಗೆ ನೆಮ್ಮದಿಯನ್ನು ತರಲಾರವು. ಸುಲ್ತಾನನಿಗೆ ನಿದ್ರೆಯಿಲ್ಲ. ಸಾದಿಯ ಕಾವ್ಯದ ನೆನಪಿನಲ್ಲಿ ಬೆಳೆಸಿದ ಗುಲಾಬಿ ತೋಟದಲ್ಲಿ ಖೋಟಾ ತಾಮ್ರನಾಣ್ಯಗಳ ರಾಶಿ ಬೀಳುತ್ತದೆ. ನಜೀಬನನ್ನು ಕೊಲ್ಲಿಸಿದ ಮಲತಾಯಿಯನ್ನು ಕಲ್ಲೆಸೆತದ ಶಿಕ್ಷೆಗೆ ಒಪ್ಪಿಸಿದ ಮೇಲೆ ಅವನ ಆಸರೆಗಳು ಒಂದೊಂದಾಗಿ ಕಳಚುತ್ತವೆ. ಕಡೆಗೆ ವಂಚಕನಾದ ಅಜೀಜನನ್ನು ಅವನು ದಂಡಿಸಲಾರ. ಅಲ್ಲಿ ಕಂಡದ್ದು ತನ್ನದೇ ಪ್ರತಿಬಿಂಬ. ಬರನಿಯೂ ಬೀಳ್ಕೊಂಡ ಮೇಲೆ ನಿದ್ರೆ ಬರುತ್ತದೆ, ಆದರೆ ಅದು ಶಾಂತಿಯ ನಿದ್ರೆಯಲ್ಲ.

ಇನ್ನು ಇತಿಹಾಸದ ಮಾತು. ಬರನಿಯ ಗ್ರಂಥದ ಪ್ರಕಾರ ಸುಲ್ತಾನನು ಶುಕ್ರವಾರದ ಮತ್ತು ಈದಿನ ಪ್ರಾರ್ಥನೆಗಳನ್ನು ತಡೆಹಿಡಿದದ್ದು ಖಲೀಫರ ಮನ್ನಣೆ ದೊರೆಯುವವರೆಗೆ. ಎಂದರೆ ಕಾರಣ ಅಧಿಕಾರದ ಶಾಸ್ತ್ರಸಮ್ಮತಿಯ ಪ್ರಶ್ನೆ. ನಾಟಕಕಾರರು ಅದನ್ನು ಪಾಪಪ್ರಜ್ಞೆಯ ಪ್ರಶ್ನೆಯಾಗಿ ಪರಿವರ್ತಿಸಿದ್ದಾರೆ. ನಾಣ್ಯದ ರಾಶಿಗಳನ್ನು ಬರನಿ ಕಂಡದ್ದು ತುಘಲಕಾಬಾದಿನಲ್ಲಿ. ಗುಲಾಬಿ ತೋಟ ಕವಿಕಲ್ಪನೆ. ನಾಟಕದ ಬರನಿ ಸುಲ್ತಾನನನ್ನು ತೊರೆಯುತ್ತಾನೆ. ಇತಿಹಾಸದ ಬರನಿಯಾದರೋ ಕೊನೆಯವರೆಗೂ ಸೇವೆಯಲ್ಲಿದ್ದು, ಭಯದಿಂದ ಸತ್ಯವನ್ನು ನುಡಿಯದೆ ಹೋದೆವೆಂದು ವೃದ್ಧಾಪ್ಯದಲ್ಲಿ ಮರುಗಿದನು.

ಈ ಭೇದವನ್ನು ತರಗತಿಯಲ್ಲಿ ಸ್ಪಷ್ಟಪಡಿಸುವುದು ಅಧ್ಯಾಪಕರ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ರಂಗಭೂಮಿಯ ಸುಲ್ತಾನನ ಮನಸ್ಸನ್ನು ಹದಿನಾಲ್ಕನೆಯ ಶತಮಾನದ ಅರಸನ ಮೇಲೆ ಹೊದಿಸಿದರೆ, ಅವನ ಯೋಜನೆಗಳ ಹಿಂದಿದ್ದ ಆಡಳಿತದ, ಆರ್ಥಿಕದ ಕಾರಣಗಳು ಮರೆಯಾಗಿ ಎಲ್ಲವೂ ಒಬ್ಬನ ಚಿತ್ತವಿಕಾರವೆನಿಸುತ್ತದೆ. ಹಾಗೆಂದು ನಾಟಕ ಇತಿಹಾಸಕ್ಕೆ ನಿರುಪಯುಕ್ತವಲ್ಲ. ಅಧಿಕಾರದಲ್ಲಿರುವವನು ತನ್ನ ಸದುದ್ದೇಶದ ಹಿಂದೆಯೇ ಹೇಗೆ ಅಡಗಿಕೊಳ್ಳಬಲ್ಲನೆಂಬ ಪ್ರಶ್ನೆಯನ್ನು ಅದು ಕೇಳಿಸುತ್ತದೆ. ಉತ್ತರವನ್ನು ಮಾತ್ರ ಆಕರಗಳಲ್ಲಿಯೇ ಹುಡುಕಬೇಕು.