ದಸರಾ ರಜೆ, ದಾಳಿಂಬೆ ಬಣ್ಣ, ಕ್ರೋಶಾ ಅಂಚು

ದಸರಾ ರಜೆ ಬಂತು ಅಂದ್ರೆ ಜಯನಗರ ನಾಲ್ಕನೇ ಬ್ಲಾಕಲ್ಲಿ ಬಟ್ಟೆ ಖರೀದಿ ಜೋರು. ಈ ಸಲ ಬೀರುವಲ್ಲಿರೋ ಹಳೇ ಬಿಳಿ ಪಂಚೆ ತೆಗೀರಿ, ಮನೇಲೇ ಬಣ್ಣ ಹಾಕೋಣ.

ಹತ್ತಿ ಬಟ್ಟೆನೇ ಆಗ್ಬೇಕು. ಪಾಲಿಯೆಸ್ಟರ್ ದಾಳಿಂಬೆ ಬಣ್ಣ ಹಿಡಿಯಲ್ಲ. ಮೊದಲು ಸೋಪು ನೀರಲ್ಲಿ ಕುದಿಸಿ ಗಂಜಿ ಬಿಡಿಸಿ. ಆಮೇಲೆ ಪಟಿಕ ಕರಗಿಸಿದ ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿ. ಬಣ್ಣ ನೂಲಿಗೆ ಕಚ್ಚಿಕೊಳ್ಳೋದು ಇದರಿಂದಲೇ. ದಾಳಿಂಬೆ ಸಿಪ್ಪೆ ಕುದಿಸಿದ ನೀರಲ್ಲಿ ಅದ್ದಿದ್ರೆ ಹಳದಿ. ತುಕ್ಕು ಮೊಳೆ ನೆನೆಸಿಟ್ಟ ವಿನೆಗರ್ ಸ್ವಲ್ಪ ಬೆರೆಸಿ, ಅದೇ ಹಳದಿ ಬೂದುಹಸಿರಿಗೆ ತಿರುಗುತ್ತೆ. ಅರಿಶಿನ? ನೋಡೋಕೆ ಚೆಂದ, ಬಿಸಿಲಿಗೆ ನಿಲ್ಲಲ್ಲ. ಹಾಂ, ಈ ಪಾತ್ರೆ ಮತ್ತೆ ಅಡುಗೆಗೆ ಬೇಡ.

ಈಗ ಒಣಗಿದ ಪಂಚೆ ಕತ್ತರಿಸಿ, ತುಂಡುಗಳನ್ನ ಸೇರಿಸಿ ಕೌದಿ. ಕ್ವಿಲ್ಟಿಂಗ್ ಕಲಿಯೋಕೆ ವಿದೇಶಿ ವಿಡಿಯೋನೇ ಬೇಕಿಲ್ಲ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಹಳೇ ಬಟ್ಟೆ ತುಂಡುಗಳನ್ನ ಅಂಚಿಂದ ಶುರುಮಾಡಿ, ಸುತ್ತಿ ಸುತ್ತಿ ನಡುವಿನವರೆಗೂ ಹೊಲೀತಾ ಬರ್ತಾರೆ. ಮೂಲೆಗಳಿಗೆ 'ಫೂಲ' ಅನ್ನೋ ಮಡಿಸಿದ ತ್ರಿಕೋನ. ಅದಿಲ್ದಿದ್ರೆ ಅವರ ಲೆಕ್ಕದಲ್ಲಿ ಕೌದಿ ಮುಗಿದೇ ಇಲ್ಲ.

ಕೊನೆಗೆ ಕೌದಿ ಅಂಚಿಗೆ ಕ್ರೋಶಾ. ಕಡ್ಡಿ ಬಟ್ಟೆಗೆ ನೇರವಾಗಿ ತೂರಲ್ಲ, ಅದಕ್ಕೆ ಸೂಜಿಯಲ್ಲಿ ಸುತ್ತಲೂ ಬ್ಲಾಂಕೆಟ್ ಸ್ಟಿಚ್ ಹಾಕಿ, ಆ ಕುಣಿಕೆಗಳಿಂದಲೇ ಹೆಣಿಗೆ ಎತ್ತಿ. ದಾರವೂ ಹತ್ತಿದ್ದೇ ಇರಲಿ. ಉಲ್ಲನ್ ಒಗೆದಾಗ ಕುಗ್ಗಿ ಅಂಚನ್ನ ಎಳೆಯುತ್ತೆ. ಬರದಿದ್ರೆ ಅಜ್ಜಿನ ಕೇಳಿ, ಟಿವಿ ಮೇಲಿದ್ದ ಆ ಲೇಸ್ ಹಾಸು ಅವರದ್ದೇ ಕೈಕೆಲಸ ಇರಬಹುದು!

ಪೂರ್ತಿ ಕೌದಿಗೆ ರಜೆ ಸಾಲಲ್ಲ ಬಿಡಿ. ಪಟ್ಟದ ಗೊಂಬೆ ಕೆಳಗೆ ಹಾಸೋ ಅಷ್ಟಗಲ ಮಾಡಿ, ಸಾಕು.