ಬಾಟಲಿಯ ಬಿಸಿಲುಬಣ್ಣ: ಮುಖಕ್ಕೆ ಬೇರೆ, ಮೈಗೆ ಬೇರೆ

ಬಿಸಿಲಿಗೆ ಮೈಯೊಡ್ಡದೆಯೇ ಚರ್ಮಕ್ಕೆ ಕಂದು ಛಾಯೆ ಬರಿಸುವ ಲೇಪಗಳಿಗೆ ಸೆಲ್ಫ್ ಟ್ಯಾನರ್ ಎಂದು ಹೆಸರು. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ಅಮೆರಿಕಗಳ ಔಷಧದಂಗಡಿಗಳಲ್ಲಿ ಇವು ಶಾಂಪೂ, ಸೋಪಿನ ಹಾಗೆ ದಿನಬಳಕೆಯ ಸರಕು. ಮುಖಕ್ಕೆಂದು ಪುಟ್ಟ ಬಾಟಲಿ, ಮೈಗೆಂದು ದೊಡ್ಡ ಬಾಟಲಿ. ಮಿಲಿಲೀಟರಿನ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಪುಟ್ಟದ್ದೇ ದುಬಾರಿ. ಎರಡರ ಬೆನ್ನಿನ ಚೀಟಿ ಓದಿದರೆ ಮಾತ್ರ ಕೆಲಸ ಮಾಡುವ ವಸ್ತು ಒಂದೇ: ಡೈಹೈಡ್ರಾಕ್ಸಿಅಸಿಟೋನ್, ಚಿಕ್ಕದಾಗಿ ಡಿಎಚ್‌ಎ. ಎರಡು ಬಾಟಲಿಗಳ ನಡುವೆ ಇರುವ ವ್ಯತ್ಯಾಸಕ್ಕಿಂತ ಮುಖದ ಚರ್ಮಕ್ಕೂ ಮೈಚರ್ಮಕ್ಕೂ ಇರುವ ವ್ಯತ್ಯಾಸವೇ ದೊಡ್ಡದು.

ಡಿಎಚ್‌ಎ ಮೂರು ಇಂಗಾಲದ ಪರಮಾಣುಗಳುಳ್ಳ ಒಂದು ಸರಳ ಸಕ್ಕರೆ. ಅದಕ್ಕೆ ಸ್ವಂತ ಬಣ್ಣವಿಲ್ಲ. ಚರ್ಮದ ತೀರಾ ಮೇಲಿರುವ, ಸತ್ತ ಜೀವಕೋಶಗಳಿಂದಾದ ಒಣ ಪದರದಲ್ಲಿ ಅಮೈನೊ ಆಮ್ಲಗಳೊಂದಿಗೆ ಸೇರಿ ಮೆಲನಾಯ್ಡಿನ್ ಎಂಬ ಕಂದು ವಸ್ತುಗಳನ್ನು ಅದು ಹುಟ್ಟಿಸುತ್ತದೆ. ಫ್ರೆಂಚ್ ರಸಾಯನ ವಿಜ್ಞಾನಿ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಕಾವಲಿಯ ಮೇಲೆ ದೋಸೆ ಹೊಂಬಣ್ಣಕ್ಕೆ ತಿರುಗುವುದರ ಹಿಂದೆಯೂ ಇದೇ ಕ್ರಿಯೆಯಿದೆ. ಚರ್ಮದ ಮೇಲೆ ಕಾವು ಕಡಿಮೆಯಾದ್ದರಿಂದ ನಿಧಾನ ಜಾಸ್ತಿ. ಹಚ್ಚಿದ ಎರಡರಿಂದ ನಾಲ್ಕು ಗಂಟೆಗಳಲ್ಲಿ ಬಣ್ಣ ಕಾಣತೊಡಗಿ, ಒಂದು ದಿನದ ಹೊತ್ತಿಗೆ ಪೂರ್ತಿ ಏರುತ್ತದೆ. ಹಚ್ಚಿಕೊಂಡವರ ಮೈಯಿಂದ ಮಾರನೆಯ ದಿನ ಬರುವ, ಹಳೆಯ ಬಿಸ್ಕತ್ತನ್ನು ನೆನಪಿಸುವ ವಾಸನೆಯೂ ಈ ಕ್ರಿಯೆಯದೇ. ಅದನ್ನು ಪೂರ್ತಿ ಮುಚ್ಚುವ ಸುಗಂಧ ಇನ್ನೂ ಬಂದಿಲ್ಲ. ಬಿಸಿಲಿಗೆ ಮೈ ಕಪ್ಪಾಗುವಾಗ ಒಳಗಿನ ಜೀವಂತ ಕೋಶಗಳು ಮೆಲನಿನ್ ತಯಾರಿಸುತ್ತವೆ. ಇಲ್ಲಿ ಆ ಕೋಶಗಳಿಗೆ ಕೆಲಸವೇ ಇಲ್ಲ.

ಈ ಗುಣ ಬೆಳಕಿಗೆ ಬಂದದ್ದು ಸೌಂದರ್ಯದ ಹುಡುಕಾಟದಲ್ಲಲ್ಲ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಇವಾ ವಿಟ್ಗೆನ್‌ಸ್ಟೈನ್ ಎಂಬ ಸಂಶೋಧಕಿ ಗ್ಲೈಕೋಜನ್ ಶೇಖರಣೆಯ ಕಾಯಿಲೆಯಿದ್ದ ಮಕ್ಕಳಿಗೆ ಡಿಎಚ್‌ಎ ಕುಡಿಸಿ ಪರೀಕ್ಷಿಸುತ್ತಿದ್ದರು. ಮಕ್ಕಳು ಉಗುಳಿದ ದ್ರವ ಬಿದ್ದ ಕಡೆ ಚರ್ಮ ಕಂದಾಗುತ್ತಿತ್ತು, ಬಟ್ಟೆಗೆ ಮಾತ್ರ ಕಲೆ ಹತ್ತುತ್ತಿರಲಿಲ್ಲ. ವಿಟ್ಗೆನ್‌ಸ್ಟೈನ್ ತಮ್ಮ ಚರ್ಮಕ್ಕೇ ಹಚ್ಚಿ ನೋಡಿ ಖಚಿತಪಡಿಸಿಕೊಂಡರು. 1960ರಲ್ಲಿ ಕಾಪರ್‌ಟೋನ್ ಕಂಪನಿಯ ‘ಕ್ಯೂಟಿ’ ಲೋಷನ್ ಮಾರುಕಟ್ಟೆಗೆ ಬಂತು. ಅದನ್ನು ಹಚ್ಚಿಕೊಂಡವರ ಕಿತ್ತಳೆ ಬಣ್ಣದ ಅಂಗೈ, ಪಟ್ಟೆಪಟ್ಟೆಯಾದ ಕಾಲುಗಳ ಅಪಖ್ಯಾತಿ ಈ ಉತ್ಪನ್ನಗಳನ್ನು ದಶಕಗಳ ಕಾಲ ಬಿಡಲಿಲ್ಲ.

ಬಣ್ಣ ಕೂರುವುದು ಸತ್ತ ಪದರದಲ್ಲಿ ಎಂದ ಮೇಲೆ ಆ ಪದರ ಎಲ್ಲಿ ಎಷ್ಟು ದಪ್ಪ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಮುಖದಲ್ಲಿ ಸತ್ತ ಕೋಶಗಳ ಸಾಲುಗಳು ಸರಾಸರಿ ಒಂಬತ್ತರ ಆಸುಪಾಸು, ಎದೆ, ಬೆನ್ನಿನಲ್ಲಿ ಹದಿಮೂರು, ಕೈಕಾಲುಗಳಲ್ಲಿ ಹದಿನೈದು. ಅಂಗೈ, ಅಂಗಾಲಿಗೆ ಬಂದರೆ ಐವತ್ತರ ಹತ್ತಿರ. ಮುಖದ ಪದರ ತೆಳು ಮಾತ್ರವಲ್ಲ, ಬೇಗ ಉದುರಿ ಬೇಗ ಹುಟ್ಟುವಂಥದ್ದು. ಅದರ ಮೇಲೆ ದಿನಕ್ಕೆರಡು ಸಲ ಫೇಸ್‌ವಾಶ್, ಮೇಕಪ್ ಒರೆಸುವ ಹತ್ತಿ, ಗಡ್ಡದವರಿಗೆ ರೇಜರ್. ಮೈಮೇಲೆ ವಾರದ ತನಕ ನಿಲ್ಲುವ ಬಣ್ಣ ಮುಖದಲ್ಲಿ ಮೂರು ನಾಲ್ಕು ದಿನಕ್ಕೇ ಮಾಸಲು ಇದೇ ಕಾರಣ. ಮೊಡವೆಗೋ ಸುಕ್ಕಿಗೋ ರೆಟಿನಾಯ್ಡ್ ಕ್ರೀಮು, ಗ್ಲೈಕಾಲಿಕ್ ಆಮ್ಲದ ಸೀರಮ್ ಬಳಸುವವರಲ್ಲಿ ಇನ್ನೂ ಬೇಗ, ಅದೂ ತೇಪೆತೇಪೆಯಾಗಿ ಹೋಗುತ್ತದೆ. ಇಂಥ ಕ್ರೀಮು, ಸೀರಮ್‌ಗಳನ್ನೂ ಸೆಲ್ಫ್ ಟ್ಯಾನರನ್ನೂ ಒಟ್ಟಿಗೆ ನಡೆಸುವುದು ಒಂದು ಕೈಯಲ್ಲಿ ಹಚ್ಚಿ ಇನ್ನೊಂದು ಕೈಯಲ್ಲಿ ಕೆರೆದುಹಾಕಿದಂತೆಯೇ.

ಮುಖದ ಇನ್ನೊಂದು ತೊಡಕು ಎಣ್ಣೆಗ್ರಂಥಿಗಳದು. ಹಣೆ, ಮೂಗು, ಗಲ್ಲದಲ್ಲಿ ಅವು ದಟ್ಟ. ಮೂಗಿನ ಮೇಲಿನ ರಂಧ್ರಗಳಲ್ಲಿ ಲೇಪ ಇಳಿದು ನಿಂತರೆ ಕರಿಯೆಳ್ಳು ಚೆಲ್ಲಿದ ಹಾಗೆ ಚುಕ್ಕೆಗಳೇಳುತ್ತವೆ. ಮೈಗೆಂದು ಮಾಡಿದ ಲೋಷನ್ನುಗಳಲ್ಲಿ ದಪ್ಪ ಎಣ್ಣೆಗಳೂ ಗಾಢ ಸುಗಂಧವೂ ಇರುವುದುಂಟು. ಮೊಣಕಾಲಿಗೆ ಹಿತವೆನಿಸಿದ್ದು ಗಲ್ಲದ ಮೇಲೆ ಮೊಡವೆ ಎಬ್ಬಿಸಬಹುದು, ಕಣ್ಣಿನ ಸುತ್ತ ಉರಿ ತರಬಹುದು. ಹುಬ್ಬಿನ ಅಂಚು, ಕೂದಲಿನ ಗೆರೆ, ಮೂಗಿನ ಹೊಳ್ಳೆಯ ಪಕ್ಕದ ಮಡಿಕೆಗಳಲ್ಲಿ ಲೇಪ ಕಟ್ಟಿಕೊಳ್ಳುತ್ತದೆ. ತಿಳಿಗೂದಲಿನವರ ಹುಬ್ಬು ಒಮ್ಮೊಮ್ಮೆ ಬಣ್ಣವನ್ನೂ ಹೀರುತ್ತದೆ.

ಇವುಗಳನ್ನೆಲ್ಲ ನೋಡಿಕೊಂಡು ತಯಾರಕರು ಮುಖದ ಬಾಟಲಿಯಲ್ಲಿ ಸಾಮಾನ್ಯವಾಗಿ ಡಿಎಚ್‌ಎ ಇಳಿಸುತ್ತಾರೆ, ಸುಗಂಧ ಕಡಿಮೆ ಮಾಡುತ್ತಾರೆ, ತೇವ ಹಿಡಿಯುವ ಗ್ಲಿಸರಿನ್, ಹೈಯಲುರಾನಿಕ್ ಆಮ್ಲ ಸೇರಿಸುತ್ತಾರೆ. ದಿನವೂ ಹಚ್ಚಿ ಮೆಲ್ಲಗೆ ಬಣ್ಣವೇರಿಸುವ ಕ್ರೀಮುಗಳಲ್ಲಿ ಡಿಎಚ್‌ಎ ತೀರಾ ಸ್ವಲ್ಪ. ಒಂದೇ ಸಲಕ್ಕೆ ಗಾಢ ಬಣ್ಣ ಕೊಡುವ ಮೈಯ ನೊರೆಲೇಪಗಳಾದ ಮೂಸ್‌ಗಳಲ್ಲಿ ಪ್ರಮಾಣ ಹೆಚ್ಚು. ಐರೋಪ್ಯ ಒಕ್ಕೂಟ 2021ರಲ್ಲಿ ಸೆಲ್ಫ್ ಟ್ಯಾನರ್‌ಗಳಿಗೆ ಶೇ 10ರ ಮಿತಿ ಹಾಕಿದೆ. ಮೈಯ ಮೂಸ್‌ನಲ್ಲಿ ಕಾಣುವ ಕಡುಗಂದು ಬಣ್ಣ ಬರೀ ಗುರುತಿಗೆ. ಎಲ್ಲಿ ಹಚ್ಚಿದೆ, ಎಲ್ಲಿ ಬಿಟ್ಟಿದೆ ಎಂದು ತಿಳಿಯಲು ಬೆರೆಸಿದ್ದು, ಸ್ನಾನದಲ್ಲಿ ತೊಳೆದುಹೋಗುತ್ತದೆ. ಮುಖಕ್ಕೆ ಈಚೆಗೆ ಹನಿಗಳ ಕಾಲ. ಎರಡು ಮೂರು ಹನಿಯನ್ನು ಮಾಮೂಲಿ ಮಾಯಿಶ್ಚರೈಸರಿಗೆ ಬೆರೆಸಿ ರಾತ್ರಿ ಹಚ್ಚಿದರಾಯಿತು. ಹದ ಬಳಸುವವರ ಕೈಯಲ್ಲೇ ಇರುತ್ತದೆ.

ಹಾಗಾದರೆ ಮೈಯ ಲೋಷನ್ನನ್ನು ಮುಖಕ್ಕೆ ಹಚ್ಚಲೇಬಾರದೇ? ಹಾಗೇನಿಲ್ಲ. ಮೊಡವೆಯ ಕಾಟವಿಲ್ಲದ, ಬೇಗ ಉರಿಯದ ಚರ್ಮದವರು ಸುಗಂಧವಿಲ್ಲದ ಲೋಷನ್ನನ್ನು ಮಾಯಿಶ್ಚರೈಸರಿನಲ್ಲಿ ತೆಳು ಮಾಡಿಕೊಂಡು ಹಚ್ಚಿದರೆ ಬರುವುದು ಅದೇ ಬಣ್ಣ. ಪುಟ್ಟ ಬಾಟಲಿಯ ಬೆಲೆಯಲ್ಲಿ ಒಂದಷ್ಟು ಪಾಲು ‘ಫೇಸ್’ ಎಂಬ ಪದಕ್ಕೇ ಹೋಗುತ್ತದೆ. ಮುಖದ ಹನಿಗಳನ್ನು ಮೈಗೆ ಹಚ್ಚಿದರೂ ಕೇಡಿಲ್ಲ, ಬರೀ ಖರ್ಚು.

ಮೈಗೆ ಹಚ್ಚುವಾಗಿನ ಕಷ್ಟವೇ ಬೇರೆ. ಇಲ್ಲಿ ಹೆದರಬೇಕಾದ್ದು ದಪ್ಪ ಚರ್ಮಕ್ಕೆ. ಮೊಣಕೈ, ಮೊಣಕಾಲು, ಕಾಲಿನ ಹರಡು, ಹಿಮ್ಮಡಿ, ಬೆರಳ ಗೆಣ್ಣುಗಳು ಒಣಗಿ ಒರಟಾಗಿರುವುದರಿಂದ ಬಣ್ಣವನ್ನು ಹೆಚ್ಚು ಹಿಡಿದು ಕೊಳಕಾದಂತೆ ಕಾಣುತ್ತವೆ. ಹಿಂದಿನ ದಿನವೇ ಒರಟು ಬಟ್ಟೆಯಿಂದ ಉಜ್ಜಿ ಸತ್ತ ಚರ್ಮ ತೆಗೆದು, ಹಚ್ಚುವ ಮುಂಚೆ ಈ ಜಾಗಗಳಿಗೆ ಮಾತ್ರ ಸಾದಾ ಕ್ರೀಮು ಸವರಿಕೊಂಡರೆ ಅದು ತಡೆಯಾಗಿ ನಿಲ್ಲುತ್ತದೆ. ಲೋಷನ್ನನ್ನು ಕೈಗವಸಿನಲ್ಲಿ ಕಾಲಿನಿಂದ ಮೇಲಕ್ಕೆ ಹಚ್ಚುತ್ತಾ ಬಂದು, ಗವಸಿನಲ್ಲಿ ಉಳಿದದ್ದನ್ನಷ್ಟೇ ಪಾದ, ಮುಂಗೈಗಳಿಗೆ ಎಳೆಯುವುದು ರೂಢಿ. ಬರಿಗೈಯಲ್ಲಿ ಹಚ್ಚಿದವರು ಕೂಡಲೇ ಅಂಗೈ ತೊಳೆಯದಿದ್ದರೆ ಐವತ್ತು ಸಾಲಿನ ಆ ಪದರ ಗುಟ್ಟನ್ನು ರಟ್ಟು ಮಾಡುತ್ತದೆ. ಮುಖದ ಸರದಿ ಕೊನೆಗೆ. ಹುಬ್ಬಿಗೂ ಕೂದಲಿನ ಅಂಚಿಗೂ ತೆಳ್ಳಗೆ ವ್ಯಾಸಲೀನ್ ಸವರಿ, ಕಡಲೆಕಾಳಿನಷ್ಟು ಲೇಪವನ್ನು ಕೆನ್ನೆಯಿಂದ ಹೊರಕ್ಕೆ ಎಳೆದು, ಕಿವಿಯ ಹಿಂಭಾಗಕ್ಕೂ ಕತ್ತಿಗೂ ಇಳಿಸಬೇಕು. ಮುಖವನ್ನು ದವಡೆಗೇ ನಿಲ್ಲಿಸಿ, ಮೈಯನ್ನು ಕೊರಳ ಬುಡದಿಂದ ಶುರು ಮಾಡಿದವರಲ್ಲಿ ಕುತ್ತಿಗೆಯೊಂದೇ ಬಿಳಿಚಿಕೊಂಡು ಉಳಿಯುತ್ತದೆ.

ಸಲೂನುಗಳಲ್ಲಿ ಬಣ್ಣವನ್ನು ಮಂಜಿನಂತೆ ಸಿಂಪಡಿಸುವ ಸ್ಪ್ರೇ ಟ್ಯಾನ್‌ನಲ್ಲಿ ಎಚ್ಚರ ಬೇಕಾದ್ದು ಮುಖಕ್ಕೇ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಡಿಎಚ್‌ಎಗೆ ಅನುಮತಿ ಕೊಟ್ಟಿರುವುದು ಚರ್ಮದ ಮೇಲೆ ಹಚ್ಚಲು ಮಾತ್ರ. ಕಣ್ಣು, ತುಟಿ, ಮೂಗಿನೊಳಗಿನ ತೇವಪದರಕ್ಕೆ ತಾಗಬಾರದು, ಉಸಿರಿನೊಡನೆ ಒಳಗೆ ಹೋಗಬಾರದು. ಮನೆಯಲ್ಲಿ ಸ್ಪ್ರೇ ಬಳಸುವವರು ಕೈಗೆ ಸಿಂಪಡಿಸಿಕೊಂಡು ಮುಖಕ್ಕೆ ಸವರಿಕೊಳ್ಳುವುದು ಲೇಸು. ಈ ಬಣ್ಣ ಬಿಸಿಲಿಗೆ ಅಡ್ಡವಾಗುತ್ತದೆ ಎಂಬ ನಂಬಿಕೆ ಹುಸಿ. ಸಿಗುವ ರಕ್ಷಣೆ ಎಸ್‌ಪಿಎಫ್ ಮೂರು ನಾಲ್ಕರಷ್ಟು, ಸನ್‌ಸ್ಕ್ರೀನ್ ಹಚ್ಚಲೇಬೇಕು. ಹಾಗಿದ್ದೂ ಚರ್ಮವೈದ್ಯರು ಇದನ್ನೇ ವಾಸಿ ಎನ್ನಲು ಕಾರಣವಿದೆ: ದೀಪದ ಬೆಳಕಿನಿಂದ ಮೈ ಕಂದಾಗಿಸುವ ಟ್ಯಾನಿಂಗ್ ಹಾಸಿಗೆಗಳ ಅತಿನೇರಳೆ ಕಿರಣಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ.

ಬ್ಯೂಟಿ ಪಾರ್ಲರಿಗೆ ಹೋಗಿ ‘ಡಿ-ಟ್ಯಾನ್’ ಮಾಡಿಸಿಕೊಳ್ಳುವ ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಈ ಬಾಟಲಿಗೆ ಗಿರಾಕಿ ಕಡಿಮೆ. ದೇಹದಾರ್ಢ್ಯ ಸ್ಪರ್ಧಿಗಳು ಮಾತ್ರ ಬೇರೆ ಲೆಕ್ಕ. ವೇದಿಕೆಯ ಝಗಝಗಿಸುವ ಬೆಳಕಿನಲ್ಲಿ ಸ್ನಾಯುಗಳ ಗೆರೆ ಎದ್ದು ಕಾಣಲೆಂದು ಮೈಗೆ ಗಾಢ ಬಣ್ಣ ಬಳಿದುಕೊಳ್ಳುತ್ತಾರೆ.

ಇನ್ನೊಂದು ಬಳಕೆ ತೊನ್ನಿನದು. ಬಿಳಿ ಮಚ್ಚೆಯಲ್ಲಿ ಮೆಲನಿನ್ ಇಲ್ಲದಿದ್ದರೂ ಸತ್ತ ಪದರ ಇದ್ದೇ ಇರುವುದರಿಂದ ಡಿಎಚ್‌ಎ ಅಲ್ಲಿಯೂ ಬಣ್ಣ ಹಿಡಿಸುತ್ತದೆ, ಬೆವರಿಗೆ ಅಳಿಸಿಹೋಗುವುದಿಲ್ಲ. ಇದು ಕಾಯಿಲೆಗೆ ಮದ್ದಲ್ಲ, ಮಚ್ಚೆಯನ್ನು ಮರೆಮಾಚುವ ಉಪಾಯ. ಮಚ್ಚೆಯ ಅಂಚು ದಾಟಿ ಹಚ್ಚಿದರೆ ಸುತ್ತಲಿನ ಚರ್ಮವೂ ಕಪ್ಪೇರುವುದರಿಂದ ಹತ್ತಿಕಡ್ಡಿಯಲ್ಲಿ ಹಚ್ಚಬೇಕಾಗುತ್ತದೆ. ಮುಖದ ಮಚ್ಚೆಗೆ ಕೆಲವೇ ದಿನಗಳಿಗೊಮ್ಮೆ ಮತ್ತೆ ಹಚ್ಚಬೇಕು. ಪದೇಪದೇ ತೊಳೆಯುವ ಕೈಬೆರಳುಗಳಲ್ಲಿ ಬಣ್ಣ ಇನ್ನೂ ಬೇಗ ಹೋಗುತ್ತದೆ. ತುಟಿಯ ಮೇಲೆ ಇದನ್ನು ಬಳಸುವಂತಿಲ್ಲ, ಅಲ್ಲಿಗೆ ಮೇಕಪ್ಪೇ ಗತಿ.